‘ಸಿಸ್ಟರ್, ಇವತ್ತೊಂದಿನ ಡಬಲ್ ಮಾಡ್ತೀರಾ?’

ಎರಡು ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಆಯಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಒಂಬತ್ತು ರಾತ್ರಿ ನಾನು ಗಂಡಸರ ವಾರ್ಡಿನಲ್ಲಿ ಅಪ್ಪನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ನಿದ್ದೆ ಬರುತ್ತಿರಲಿಲ್ಲ. ಫೋನ್ ನೋಡಿ ನೋಡಿ ಸಾಕಾದ ಮೇಲೆ ನೋಡಲು ಉಳಿದದ್ದು ಸಿಸ್ಟರ್‌ಗಳ ಓಡಾಟ ಒಂದೇ.

34 ಹಾಸಿಗೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಇಬ್ಬರು ಸಿಸ್ಟರ್, ಒಬ್ಬ ಆಯಾ. ಮೂರನೇ ರಾತ್ರಿ ಅಪ್ಪನ ಡ್ರಿಪ್ ಮುಗಿದು, ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರತೊಡಗಿತು. ಎರಡು ಸಲ ಕರೆದೆ. ಯಾರೂ ಬರಲಿಲ್ಲ. ಮೂರನೇ ಸಲ ಎದ್ದು ನಿಂತು ಜೋರಾಗಿಯೇ ಗದರಿದೆ. ‘ಏನ್ ಸಿಸ್ಟರ್, ಎಷ್ಟ್ ಸಲ ಕರೀಬೇಕು?’ ಬಂದರು. ಡ್ರಿಪ್ ನಿಲ್ಲಿಸಿದರು, ಕ್ಯಾನುಲಾ ಫ್ಲಶ್ ಮಾಡಿದರು, ‘ಸಾರಿ ಸರ್’ ಎಂದು ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿರಲಿಲ್ಲ. ಏನೂ ಇರಲಿಲ್ಲ.

ಬೆಳಿಗ್ಗೆ ಪಕ್ಕದ ಹಾಸಿಗೆಯವರು ಹೇಳಿದರು. ನಾನು ಕೂಗುತ್ತಿದ್ದಾಗ ಆಕೆ ಆ ತುದಿಯಲ್ಲಿ ಉಸಿರು ಕಟ್ಟುತ್ತಿದ್ದ ಅಜ್ಜನಿಗೆ ಆಕ್ಸಿಜನ್ ಹಾಕುತ್ತಿದ್ದರಂತೆ. ಇನ್ನೊಂದು ವಿಷಯವೂ ತಿಳಿಯಿತು. ಆಕೆ ರಾತ್ರಿ ಪಾಳಿಯವರೇ ಅಲ್ಲ. ಮಧ್ಯಾಹ್ನ 2ಕ್ಕೆ ಬಂದವರು. ರಾತ್ರಿಯವರು ಬರಲಿಲ್ಲವೆಂದು ಇವರನ್ನೇ ಡಬಲ್‌ಗೆ, ಅಂದರೆ ಎರಡನೇ ಪಾಳಿಗೂ, ಮುಂದುವರಿಸಿದ್ದರು. ಮರುದಿನ 8ಕ್ಕೆ ಬ್ಯಾಗ್ ಹಿಡಿದು ಹೊರಟಾಗ ಅವರ ಡ್ಯೂಟಿ 18 ಗಂಟೆ ಆಗಿತ್ತು.

ಆ ಏನೂ ಇಲ್ಲದ ಮುಖ ನನ್ನ ತಲೆಯಿಂದ ಹೋಗಲಿಲ್ಲ. ನರ್ಸ್‌ಗಳ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಅವರ ಮನಸ್ಸಿನೊಳಗೆ ಇಣುಕಲು ಹೋಗುತ್ತೇವೆ. ಗಟ್ಟಿ ಮನಸ್ಸು ಬೇಕು, ಧ್ಯಾನ ಮಾಡಬೇಕು, ಪಾಸಿಟಿವ್ ಆಗಿರಬೇಕು ಎನ್ನುತ್ತೇವೆ. ನನಗೆ ಅನ್ನಿಸುವುದೇ ಬೇರೆ. ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಪಿನ್ ಹೊಡೆದ ಡ್ಯೂಟಿ ರೋಸ್ಟರ್ ಇರುತ್ತದಲ್ಲ, ಹೆಸರು, ತಾರೀಖು, ಬೆಳಿಗ್ಗೆ, ಸಂಜೆ, ರಾತ್ರಿ ಪಾಳಿಗೆ ಎಂ, ಇ, ಎನ್ ಎಂಬ ಅಕ್ಷರಗಳು, ಮೇಲೆ ಪೆನ್ಸಿಲ್ಲಿನಲ್ಲಿ ತಿದ್ದಿದ ಗುರುತುಗಳು, ಮೊದಲು ಓದಬೇಕಾದ್ದು ಅದನ್ನು. ಕಾಯಿಲೆಯ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇದೆ.

ಒಂದು ಬೆಳಗಿನ ಜಾವದ ಲೆಕ್ಕ

ನಿದ್ದೆ ಇಲ್ಲದ ಆ ರಾತ್ರಿಗಳಲ್ಲಿ ಕೈಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದ್ದೆ. ಹುಚ್ಚು ಕೆಲಸ, ಆದರೂ ಹೇಳುತ್ತೇನೆ. 34 ರೋಗಿಗಳಿಗೆ ಇಬ್ಬರು ಅಂದರೆ ಒಬ್ಬರಿಗೆ 17. ಬೆಳಿಗ್ಗೆ 5ರಿಂದ 8ರ ನಡುವೆ ಆಗಲೇಬೇಕಾದ ಕೆಲಸಗಳಿವೆ. ಬಿಪಿ, ಜ್ವರ, ನಾಡಿ, ಆಕ್ಸಿಜನ್ ಮಟ್ಟ ನೋಡಿ ಬರೆಯಲು ಒಬ್ಬ ರೋಗಿಗೆ 4 ನಿಮಿಷವೆಂದರೂ 68 ನಿಮಿಷ. 6 ಗಂಟೆಯ ಇಂಜೆಕ್ಷನ್ ಹತ್ತು ಜನರಿಗೆ. ಪುಡಿ ಕರಗಿಸಬೇಕು, ನಿಧಾನವಾಗಿ ಬಿಡಬೇಕು, ಐದೈದು ನಿಮಿಷದಂತೆ 50. ಆರು ಜನರ ರಕ್ತದ ಸ್ಯಾಂಪಲ್‌ಗೆ 30. ಮೂತ್ರದ ಚೀಲ, ಡ್ರೇನ್ ಅಳೆದು ಚಾರ್ಟಿಗೆ ಏರಿಸಲು ತಲಾ ಎರಡು ನಿಮಿಷದಂತೆ 34. ಕೂಡಿಸಿ ನೋಡಿ, 182 ನಿಮಿಷ. ಇರುವುದು 180.

ಇದರಲ್ಲಿ ಯಾರೂ ವಾಂತಿ ಮಾಡಿಕೊಂಡಿಲ್ಲ. ಯಾರೂ ಮಂಚದಿಂದ ಬಿದ್ದಿಲ್ಲ. ಆಪರೇಷನ್ನಿಗೆ ಹೋಗುವವರನ್ನು ಯಾರೂ ತಯಾರು ಮಾಡಿಲ್ಲ. ನನ್ನಂಥವನು ಯಾರೂ ಕೂಗಿಲ್ಲ. ಸಿಸ್ಟರ್ ಬಾತ್‌ರೂಮಿಗೂ ಹೋಗಿಲ್ಲ.

ಹಾಗಾದರೆ ಬಿಟ್ಟುಹೋಗುವುದು ಯಾವುದು? ಇಂಜೆಕ್ಷನ್ ಬಿಡಲು ಆಗಲ್ಲ, ಚಾರ್ಟ್ ಬರೆಯದಿದ್ದರೆ ರೌಂಡ್ಸಿನಲ್ಲಿ ಬೈಗುಳ. ಯಾರೂ ಲೆಕ್ಕ ಕೇಳದ ಕೆಲಸ ಒಂದೇ ಇದೆ, ರೋಗಿಯ ಹತ್ತಿರ ಎರಡು ನಿಮಿಷ ನಿಂತು ಮಾತಾಡುವುದು. ಇಂಗ್ಲೆಂಡಿನ ಆಸ್ಪತ್ರೆಗಳ ನರ್ಸ್‌ಗಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಸಮಯ ಸಾಲದೆ ಕಳೆದ ಪಾಳಿಯಲ್ಲಿ ಒಂದಾದರೂ ಕೆಲಸ ಬಿಟ್ಟೆವು ಎಂದವರು ಶೇ 86. ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗಿದ್ದು ರೋಗಿಗೆ ಸಮಾಧಾನ ಹೇಳುವುದು, ಮಾತಾಡಿಸುವುದು. ಮೂವರಲ್ಲಿ ಇಬ್ಬರು ನರ್ಸ್‌ಗಳು ಹೇಳಿದ್ದು ಅದನ್ನೇ.

ಹೊರಗಿನವರಿಗೆ ಇದು ಸಣ್ಣ ವಿಷಯ. ಔಷಧಿ ಕೊಟ್ಟರಲ್ಲ, ಸಾಕು. ಆದರೆ ನರ್ಸಿಂಗ್ ಓದಿದವರಿಗೆ ನಾಲ್ಕು ವರ್ಷ ಕಲಿಸಿದ್ದೇ ಅದು. ಏನು ಮಾಡಬೇಕು ಅಂತ ಗೊತ್ತು, ಮಾಡಲು ಬಿಡುತ್ತಿಲ್ಲ, ದಿನಾ ಅದೇ ಕಥೆ. ಈ ಇಕ್ಕಟ್ಟಿಗೆ ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಸಂಕಟ ಎಂಬ ಅರ್ಥದ ಹೆಸರು ಕೊಟ್ಟರು. ಅವರು ಅದನ್ನು ಹೇಳಿದ್ದೇ ನರ್ಸ್‌ಗಳನ್ನು ನೋಡಿ. ಮೈದಣಿವು ಮಲಗಿ ಎದ್ದರೆ ಹೋಗುತ್ತದೆ. ಇದು ಹೋಗಲ್ಲ. ಮನೆಗೆ ಬಂದು ಅನ್ನ ಕಲಸುವಾಗಲೂ ‘ಆ ಅಜ್ಜ ಏನೋ ಹೇಳೋಕೆ ಬಂದ್ರು, ನಿಲ್ಲಲಿಲ್ಲ’ ಅನ್ನಿಸುತ್ತದೆ.

ನಮ್ಮ ದೊಡ್ಡಮ್ಮನ ಮಗಳು ಹಳೇ ಕೈ, ಹತ್ತೊಂಬತ್ತು ವರ್ಷದಿಂದ ನರ್ಸ್. ಅಕ್ಕ ಡ್ಯೂಟಿ ಮುಗಿಸಿ ಬಸ್ ಹತ್ತಿದರೆ ಮೂರನೇ ಸ್ಟಾಪಿನ ಹೊತ್ತಿಗೆ ವಾರ್ಡಿಗೆ ಫೋನ್ ಮಾಡುತ್ತಾಳೆ. ‘ಹತ್ತನೇ ಬೆಡ್ಡಿಂದು ಇನ್ಸುಲಿನ್‌ಗೆ ಸೈನ್ ಮಾಡಿದೀನಾ ನೋಡಮ್ಮ.’ ಮಾಡಿರುತ್ತಾಳೆ. ಯಾವಾಗಲೂ ಮಾಡಿರುತ್ತಾಳೆ. ಆದರೂ ಕೇಳಬೇಕು. ಒಮ್ಮೆ ನಾನು ಪಕ್ಕದಲ್ಲೇ ಇದ್ದೆ. ಫೋನ್ ಇಟ್ಟು, ಕಿಟಕಿ ಕಡೆ ತಿರುಗಿ ಹೇಳಿದಳು. ‘ಕೊಟ್ಟಿದ್ದು ನೆನಪಿರುತ್ತೆ ಕಣೋ. ಇವತ್ತು ಕೊಟ್ಟಿದ್ದಾ ನಿನ್ನೆ ಕೊಟ್ಟಿದ್ದಾ ಅಂತ ಗೊತ್ತಾಗಲ್ಲ.’

ಹತ್ತನೇ ಹಾಸಿಗೆಯ ಲಿವರ್

ಮನಸ್ಸು ಸುಮ್ನೆ ಪೆಟ್ಟು ತಿನ್ನುತ್ತಾ ಕೂರಲ್ಲ. ತನ್ನನ್ನು ಉಳಿಸಿಕೊಳ್ಳಲು ದಾರಿ ಹುಡುಕುತ್ತದೆ. ಈ ಬಗ್ಗೆ ನನಗೆ ತುಂಬ ಹಿಡಿಸಿದ ಕೆಲಸ 1960ರಷ್ಟು ಹಳೆಯದು. ಲಂಡನ್ನಿನ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು ಓದು ಮುಗಿಸದೆ ಹೋಗುತ್ತಿದ್ದರು. ಮೂರರಲ್ಲಿ ಒಂದು ಭಾಗದಷ್ಟು ಜನ. ವಿದ್ಯಾರ್ಥಿನಿಯರನ್ನು ವಾರ್ಡಿನ ಕೆಲಸಕ್ಕೆ ಹಂಚುವ ತೊಡಕು ಬಿಡಿಸಲು ಆ ಆಸ್ಪತ್ರೆ ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿಯನ್ನು ಕರೆಯಿತು. ಆಕೆ ಕಂಡದ್ದು ವಿಚಿತ್ರ. ಆಸ್ಪತ್ರೆಯ ಇಡೀ ಏರ್ಪಾಡೇ ನರ್ಸ್ ಮತ್ತು ರೋಗಿ ಹತ್ತಿರವಾಗದಂತೆ ಇತ್ತು. ಒಬ್ಬ ನರ್ಸ್‌ಗೆ ನಾಲ್ಕು ರೋಗಿ ಎಂದು ಕೊಡುವುದಿಲ್ಲ. ಇಡೀ ವಾರ್ಡಿನವರ ಜ್ವರ ನೋಡುವುದು ಒಬ್ಬಳ ಕೆಲಸ, ಎಲ್ಲರ ಬೆಡ್‌ಪ್ಯಾನ್ ಇನ್ನೊಬ್ಬಳ ಕೆಲಸ. ರೋಗಿಗೆ ಹೆಸರಿಲ್ಲ. ‘ಹತ್ತನೇ ಹಾಸಿಗೆಯ ಲಿವರ್’, ‘ಹದಿನೈದನೇ ಹಾಸಿಗೆಯ ನ್ಯುಮೋನಿಯಾ’.

ಯಾರೂ ಕೆಟ್ಟವರಾಗಿ ಹೀಗೆ ಮಾಡಿದ್ದಲ್ಲ. ಸಾವು, ನೋವು, ಕೊಳೆತ ಗಾಯ ದಿನಾ ನೋಡುವವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಹಚ್ಚಿಕೊಂಡರೆ ಉಳಿಯಲ್ಲ. ಅದಕ್ಕೇ ಈ ಗೋಡೆ. ಆದರೆ ಮೆನ್ಜೀಸ್ ಹೇಳಿದ್ದೇನೆಂದರೆ, ಆ ಗೋಡೆ ಸಂಕಟವನ್ನು ತಡೆಯಲಿಲ್ಲ, ಕೆಲಸದಲ್ಲಿ ಸಿಗಬಹುದಾದ ಖುಷಿಯನ್ನು ತಡೆಯಿತು. ಬಿಟ್ಟು ಹೋದವರಲ್ಲಿ ಒಳ್ಳೆಯ, ಪ್ರಬುದ್ಧ ಹುಡುಗಿಯರೇ ಬಹಳ ಇದ್ದರು.

ಅರವತ್ತು ವರ್ಷ ದಾಟಿತು. ನಮ್ಮ ಯಾವ ವಾರ್ಡಿಗೆ ಹೋದರೂ ‘ಏಳನೇ ಬೆಡ್ ಅಪೆಂಡಿಕ್ಸ್ ಡಿಸ್ಚಾರ್ಜಾ?’ ಎಂಬ ಮಾತು ಕಿವಿಗೆ ಬೀಳುತ್ತದೆ. ನಮ್ಮಪ್ಪ ಒಂಬತ್ತು ದಿನ ‘ಇಪ್ಪತ್ತೆರಡು ಹರ್ನಿಯಾ’ ಆಗಿದ್ದರು. ಅವರೇನೋ ಅದನ್ನು ನಗುತ್ತಾ ಎಲ್ಲರಿಗೂ ಹೇಳಿಕೊಂಡು ಓಡಾಡಿದರು, ಅದು ಬೇರೆ ಮಾತು.

1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಈ ಸ್ಥಿತಿಯನ್ನು ಅಳೆಯುವ ಪ್ರಶ್ನಾವಳಿಯನ್ನೇ ಮಾಡಿದರು. ಬರ್ನ್‌ಔಟ್ ಅಂದರೆ ಬರೀ ಸುಸ್ತಲ್ಲ, ಅದಕ್ಕೆ ಮೂರು ಮುಖ ಎಂದರು. ಮನಸ್ಸು ಬರಿದಾಗುವುದು ಒಂದು. ಎದುರಿರುವ ಮನುಷ್ಯ ಮನುಷ್ಯನಂತೆ ಕಾಣದೆ ಒಂದು ಕೇಸಿನಂತೆ ಕಾಣುವುದು ಇನ್ನೊಂದು. ‘ನಾನು ಮಾಡುತ್ತಿರುವುದರಿಂದ ಯಾರಿಗೆ ಏನಾಗಬೇಕಿದೆ’ ಎಂದು ತನ್ನ ಕೆಲಸವೇ ಟೊಳ್ಳೆನಿಸುವುದು ಮೂರನೆಯದು.  ನಾನು ನೋಡಿದ ಆ ಏನೂ ಇಲ್ಲದ ಮುಖ ಇದರಲ್ಲಿ ಎರಡನೆಯದೋ, ಹದಿನೆಂಟು ಗಂಟೆಯ ನಿದ್ದೆಗೇಡೋ, ಒಂದು ರಾತ್ರಿ ನೋಡಿ ತೀರ್ಪು ಕೊಡಲು ನಾನು ಯಾರು? ಆದರೆ ‘ಆ ಆಸ್ಪತ್ರೆ ಸಿಸ್ಟರ್‌ಗಳಿಗೆ ಕರುಣೆನೇ ಇಲ್ಲ’ ಎಂದು ನಾವು ಮನೆಗೆ ಬಂದು ಹೇಳುತ್ತೇವಲ್ಲ, ಬಹಳ ಸಲ ಅದು ಸ್ವಭಾವವಲ್ಲ, ಲಕ್ಷಣ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹೊಸ ರೋಗಪಟ್ಟಿಯಲ್ಲಿ ಬರ್ನ್‌ಔಟನ್ನು ಸೇರಿಸಿತು. ಆದರೆ ರೋಗ ಎಂದು ಸೇರಿಸಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡ ಬಹುಕಾಲ ಮುಂದುವರಿದರೆ ಕಾಣಿಸಿಕೊಳ್ಳುವ ವೃತ್ತಿಯ ಸಮಸ್ಯೆ ಎಂದಿತು. ಆ ವ್ಯತ್ಯಾಸ ಸಣ್ಣದಲ್ಲ. ಖಿನ್ನತೆ ಬಂದರೆ ಔಷಧಿ, ಆಪ್ತಸಲಹೆ ಇದೆ, ತೆಗೆದುಕೊಳ್ಳಲೇಬೇಕು. ಬರ್ನ್‌ಔಟಿಗೆ ಮದ್ದು ಕೊಡಬೇಕಾದ್ದು ಕೆಲಸದ ಜಾಗಕ್ಕೆ.

ಡಬಲ್ ಹುಟ್ಟುವುದು ಎಲ್ಲಿ

ಈಗ ರೋಸ್ಟರಿಗೆ ಬರೋಣ. ವಾರ್ಡಿನಲ್ಲಿ ಒಬ್ಬ ನರ್ಸ್ ಸದಾ ಇರಬೇಕು ಎಂದುಕೊಳ್ಳಿ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರು ವಾರಕ್ಕೆ ಆರು ಪಾಳಿ ಮಾಡಿ ಒಂದು ಆಫ್ ತಗೊಂಡರೆ, ಆ ಒಂದು ಜಾಗ ತುಂಬಲು ಮೂರೂವರೆ ಜನ ಬೇಕು. ಅದಕ್ಕೆ ಸಿಕ್ ಲೀವ್, ಹಬ್ಬದ ರಜೆ, ಹೆರಿಗೆ ರಜೆ, ತರಬೇತಿ ಸೇರಿಸಿ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ರಜೆಗೆಂದೇ ಶೇ 30 ಜನ ಹೆಚ್ಚಿಗೆ ಇರಬೇಕು ಎನ್ನುತ್ತದೆ. ಸೇರಿಸಿದರೆ ನಾಲ್ಕೂವರೆ. ಮೂರು ಪಾಳಿಗೆ ಮೂರು ಜನ ಸಾಕು ಎಂದು ಲೆಕ್ಕ ಹಾಕಿ ಮೂರು ಹುದ್ದೆ ತುಂಬಿದ ಆಸ್ಪತ್ರೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರ ಫೋನ್ ಬಡಿದುಕೊಳ್ಳುತ್ತದೆ. ‘ಸಿಸ್ಟರ್, ಇವತ್ತೊಂದಿನ ಡಬಲ್ ಮಾಡ್ತೀರಾ?’

ಇನ್‌ಚಾರ್ಜ್ ಸಿಸ್ಟರ್ ಕೆಟ್ಟವರಲ್ಲ, ಅವರ ಕೈಯಲ್ಲಿ ಜನ ಇಲ್ಲ. ‘ಇವತ್ತೊಂದಿನ’ ಅನ್ನುವುದೂ ಸುಳ್ಳಲ್ಲ. ಆದರೆ ಹುದ್ದೆ ಮಂಜೂರು ಮಾಡುವಾಗಲೇ ತಪ್ಪಿದ ಲೆಕ್ಕ ಅದು. ಡಬಲ್ ಡ್ಯೂಟಿ ಅನಿರೀಕ್ಷಿತ ಅಲ್ಲವೇ ಅಲ್ಲ. ಮೊದಲೇ ಬರೆದಿಟ್ಟದ್ದು.

ಅದೇ ಕೌನ್ಸಿಲ್ಲಿನ ಇನ್ನೊಂದು ಮಾನದಂಡ, ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ನಾನಿದ್ದ ವಾರ್ಡಿನಲ್ಲಿ 17ಕ್ಕೆ ಒಬ್ಬರು.

ಈ ಸಂಖ್ಯೆಗೂ ಮನಸ್ಸಿಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದವರು ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆ, ಹತ್ತು ಸಾವಿರಕ್ಕೂ ಮೀರಿ ನರ್ಸ್‌ಗಳು, ಎರಡು ಲಕ್ಷ ದಾಟಿದ ರೋಗಿಗಳ ದಾಖಲೆ ಇಟ್ಟುಕೊಂಡು ಆಕೆಯ ತಂಡ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದರೆ ಆಕೆ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು ಏರುತ್ತದೆ. ಅಷ್ಟೇ ಆಗಿದ್ದರೆ ಆಡಳಿತದವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಏರುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿತ್ತು. ನರ್ಸ್ ಮನಸ್ಸಿನ ಮೇಲೆ ಬೀಳುವ ಭಾರವೂ ಮಂಚದ ಮೇಲೆ ಮಲಗಿದವರ ಜೀವವೂ ಒಂದೇ ತಕ್ಕಡಿಯಲ್ಲಿವೆ.

ಸಂಖ್ಯೆ ಒಂದೇ ಅಲ್ಲ, ಹಿಡಿತವೂ ಬೇಕು. ಡಾಕ್ಟರಿಗೂ ಒತ್ತಡ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಖಂಡಿತ ಇದೆ, ಹೌಸ್ ಸರ್ಜನ್ನುಗಳ ಪಾಡು ನೋಡಿದರೆ ಅಳು ಬರುತ್ತದೆ. ಆದರೆ ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ. ಕೆಲಸ ಬೆಟ್ಟದಷ್ಟಿದ್ದರೂ ಅದನ್ನು ಹೇಗೆ, ಯಾವಾಗ ಮಾಡಬೇಕು ಎಂಬುದು ನಮ್ಮ ಕೈಯಲ್ಲಿದ್ದರೆ ಮನುಷ್ಯ ತಡೆದುಕೊಳ್ಳುತ್ತಾನೆ. ಕೆಲಸವೂ ಬೆಟ್ಟ, ಹಿಡಿತವೂ ಬೇರೆಯವರದ್ದು ಎಂದಾದಾಗ ಮುರಿಯುತ್ತಾನೆ. ನರ್ಸ್ ಇರುವುದು ಸರಿಯಾಗಿ ಆ ಜಾಗದಲ್ಲಿ. ಔಷಧಿ ಬರೆಯುವವರು ಡಾಕ್ಟರ್. ಫಾರ್ಮಸಿಯಿಂದ ಬಾರದಿದ್ದರೆ ಉತ್ತರ ಹೇಳುವವರು ಸಿಸ್ಟರ್. ಲ್ಯಾಬ್ ರಿಪೋರ್ಟ್ ತಡವಾದರೆ ಸಿಸ್ಟರ್. ಲಿಫ್ಟ್ ಕೆಟ್ಟರೂ ಸಿಸ್ಟರ್. ಇಡೀ ಆಸ್ಪತ್ರೆಯ ಮೇಲಿನ ಸಿಟ್ಟು ಬಂದು ಇಳಿಯುವುದು ಯಾವಾಗಲೂ ಕಣ್ಣಿಗೆ ಕಾಣುವವರ ಮೇಲೆ. ನಾನೂ ಇಳಿಸಿದವನೇ.

ಕೆಲವೊಮ್ಮೆ ಅದು ಬೈಗುಳಕ್ಕೆ ನಿಲ್ಲಲ್ಲ, ಕೈ ಮಾಡುವವರೂ ಇದ್ದಾರೆ. ಕರ್ನಾಟಕದಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕಾಯ್ದೆ ಬಂದಿದೆ. ಅದರ ಬೋರ್ಡು ಎಷ್ಟೋ ಕ್ಯಾಶುವಾಲಿಟಿಗಳ ಗೋಡೆಯಲ್ಲಿ ತೂಗುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಕುಡಿದು ಬಂದ ನಾಲ್ವರ ಮುಂದೆ ಅದರ ಕೆಳಗೆ ನಿಂತವಳು ಒಬ್ಬಳೇ ಹುಡುಗಿ.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಒತ್ತಡ ಇದೆ, ಭಾಷೆಯದು. ಇಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ ಕೇರಳದ, ಈಶಾನ್ಯ ರಾಜ್ಯಗಳ ಹುಡುಗಿಯರು ಬಹಳ. ‘ನೋವಾ? ಎಲ್ಲಿ?’ ಇಷ್ಟು ಕನ್ನಡ ಒಂದು ವಾರದಲ್ಲಿ ಬರುತ್ತದೆ. ಆದರೆ ನಮ್ಮ ಹಳ್ಳಿಯ ಅಜ್ಜಿ ನೋವು ಅನ್ನಲ್ಲ. ‘ಸೆಳೀತದೆ’, ‘ಉರೀತದೆ’, ‘ಜೋಮು ಹಿಡಿದಂಗಾಗ್ತದೆ’, ‘ಒಳಗೆ ಏನೋ ಹಿಂಡಿದಂಗೆ’ ಎನ್ನುತ್ತಾಳೆ. ಒಂದೊಂದಕ್ಕೂ ಬೇರೆ ಅರ್ಥ, ಬೇರೆ ಚಿಕಿತ್ಸೆ. ಅರ್ಥವಾಗದೆ ನಿಂತ ಹುಡುಗಿಗೆ ‘ಕನ್ನಡ ಬರಲ್ವಾ ನಿಂಗೆ?’ ಎಂಬ ಬೈಗುಳ. ಅಜ್ಜಿಯ ಸಿಟ್ಟೂ ನ್ಯಾಯವೇ, ಹುಡುಗಿಯ ಹೆದರಿಕೆಯೂ ನ್ಯಾಯವೇ. ಇಬ್ಬರ ನಡುವೆ ಇರಬೇಕಾದ್ದು ಆಸ್ಪತ್ರೆ ನಡೆಸುವ ಒಂದು ತಿಂಗಳ ಕನ್ನಡ ಕ್ಲಾಸು.

ರಾತ್ರಿ ಪಾಳಿ, ಹಗಲಿನ ಮನೆ

ರಾತ್ರಿ ಪಾಳಿಯ ಬಗ್ಗೆ ಗೊತ್ತಿರುವುದೇ ಜಾಸ್ತಿ, ಚುಟುಕಾಗಿ ಹೇಳುತ್ತೇನೆ. ಮೈಯೊಳಗಿನ ಗಡಿಯಾರ ಬೆಳಕಿಗೆ ಹೊಂದಿಕೊಂಡಿದೆ. ಅದನ್ನು ವಾರಕ್ಕೊಮ್ಮೆ ತಿರುಗಿಸಿದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಸಿಡುಕು, ಮರೆವು, ಕಾರಣವಿಲ್ಲದ ಅಳು, ಹೊಟ್ಟೆ ತೊಂದರೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವುಳ್ಳ ಸಂಗತಿಗಳ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಆಸ್ಪತ್ರೆಗೆ ರಾತ್ರಿ ರಜೆ ಕೊಡಲಾಗದು ನಿಜ. ಆದರೆ ರಾತ್ರಿ ಮುಗಿಸಿದವರನ್ನು ಮರುದಿನವೇ ಮಧ್ಯಾಹ್ನದ ಪಾಳಿಗೆ ಹಾಕುವುದು ಪ್ರಕೃತಿ ನಿಯಮವೇನಲ್ಲ.

ಅಕ್ಕನ ನೈಟ್ ಡ್ಯೂಟಿಯ ದಿನ ನೋಡಬೇಕು ನೀವು. ಬೆಳಿಗ್ಗೆ 9ಕ್ಕೆ ಮನೆ. ಸೊಸೆ ಮನೆಗೆ ಬಂದಳು ಅಂದರೆ ಅಡುಗೆಮನೆ ಅವಳದ್ದೇ. ಸಾರಿಗಿಟ್ಟು, ಬಟ್ಟೆ ನೆನೆಹಾಕಿ ಹನ್ನೊಂದಕ್ಕೆ ಮಲಗಿದರೆ ಹನ್ನೊಂದೂವರೆಗೆ ಗ್ಯಾಸಿನವನು, ಒಂದಕ್ಕೆ ಕೊರಿಯರ್, ಮೂರಕ್ಕೆ ಮಗು ಸ್ಕೂಲಿಂದ. ‘ಇಡೀ ದಿನ ಮಲಗೇ ಇರ್ತಾಳೆ’ ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳಿದ್ದು ಅಕ್ಕನಿಗೆ ಗೋಡೆಯಾಚೆ ಕೇಳಿಸಿದೆ. ಅವಳು ಅದನ್ನು ಹೇಳಿ ನಗುತ್ತಾಳೆ. ನಗು ಮುಗಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ.

ಇನ್ನು ದುಡ್ಡು. ಜರ್ಮನಿಯ ಸಮಾಜಶಾಸ್ತ್ರಜ್ಞ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಒಂದು ಸರಳ ಮಾತು ಹೇಳಿದರು. ಹಾಕುವ ಶ್ರಮಕ್ಕೂ ಸಿಗುವ ಪ್ರತಿಫಲಕ್ಕೂ ತಾಳೆಯಾಗದಿದ್ದರೆ ಆ ಅನ್ಯಾಯವೇ ಆರೋಗ್ಯ ಕೆಡಿಸುತ್ತದೆ. ಪ್ರತಿಫಲ ಅಂದರೆ ಸಂಬಳ, ಮರ್ಯಾದೆ, ನಾಳೆ ಕೆಲಸ ಇರುತ್ತದೆ ಎಂಬ ಧೈರ್ಯ, ಮೂರೂ. 2016ರ ಜನವರಿಯಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ದುಃಸ್ಥಿತಿ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, ಎಷ್ಟೇ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20,000ಕ್ಕೆ ಕಡಿಮೆ ಇಲ್ಲದಂತೆ ಎಂದು ಅದು ಶಿಫಾರಸು ಮಾಡಿತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದರು. 2018ರಲ್ಲಿ ಅಲ್ಲಿನ ಸರ್ಕಾರ ಕನಿಷ್ಠ 20,000 ಎಂದು ಅಧಿಸೂಚನೆ ಹೊರಡಿಸಿತು. ಉಳಿದ ಕಡೆ ಶಿಫಾರಸು ಶಿಫಾರಸಾಗಿಯೇ ಇರುವುದು ಜಾಸ್ತಿ.

ಸರ್ಕಾರಿ ಆಸ್ಪತ್ರೆಯಲ್ಲಿ ಬೇರೆ ತರದ ಗಾಯ. ಒಂದೇ ವಾರ್ಡು, ಒಂದೇ ಪಾಳಿ, ಒಂದೇ ಟ್ರೇ. ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಸಂಬಳದಲ್ಲಿ ಎಷ್ಟೋ ಅಂತರ. ‘ಶುಶ್ರೂಷಾಧಿಕಾರಿ’ ಎಂಬ ಹೊಸ ಹೆಸರು ಇಬ್ಬರಿಗೂ ಬಂದಿದೆ. ಮಾರ್ಚ್ ಬಂದರೆ ನವೀಕರಣ ಆಗುತ್ತೋ ಇಲ್ಲವೋ ಎಂದು ನಿದ್ದೆ ಕೆಡುವುದು ಒಬ್ಬರಿಗೆ ಮಾತ್ರ.

ಅಪ್ಪನ ಡಿಸ್ಚಾರ್ಜ್ ಬಿಲ್ಲಿನಲ್ಲಿ ‘ನರ್ಸಿಂಗ್ ಚಾರ್ಜಸ್’ ಎಂದು ಬೇರೆಯೇ ಸಾಲಿತ್ತು, ದಿನದ ಲೆಕ್ಕದಲ್ಲಿ. ಕ್ಯಾಶ್ ಕೌಂಟರಿನ ಸಾಲಿನಲ್ಲಿ ನಿಂತಲ್ಲೇ ಅದನ್ನು 34ರಿಂದ ಗುಣಿಸಿದೆ, 30ರಿಂದ ಗುಣಿಸಿದೆ. ಆಮೇಲೆ ರಾತ್ರಿ ಇರುತ್ತಿದ್ದ ಇಬ್ಬರು ನೆನಪಾದರು. ಆಸ್ಪತ್ರೆಗೆ ನೂರೆಂಟು ಖರ್ಚಿರುತ್ತದೆ, ಒಪ್ಪುತ್ತೇನೆ. ಆದರೆ ಆ ಸಾಲಿನ ಹೆಸರು ನರ್ಸಿಂಗ್ ಎಂದೇ ಇತ್ತಲ್ಲ.

ಸಂಬಳದ ಮಾತೆತ್ತಿದರೆ ‘ಇದು ಸೇವೆ ಅಲ್ವಾ’ ಎನ್ನುವವರು ಈಗಲೂ ಇದ್ದಾರೆ. ನರ್ಸ್‌ಗಳನ್ನು ದೇವತೆ ಎಂದು ಕರೆಯುವುದರಲ್ಲಿ ಒಂದು ಜಾಣತನ ಇದೆ. ದೇವತೆಗೆ ಹಸಿವಿಲ್ಲ, ನಿದ್ದೆ ಇಲ್ಲ, ಓವರ್‌ಟೈಮ್ ಇಲ್ಲ. 2020ರ ಮಾರ್ಚ್ 22ರಂದು ಎಲ್ಲರೂ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ಆಸ್ಪತ್ರೆ ಕೆಲಸದವರಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರೂ ನಮ್ಮವರೇ. ಮೇ ಹೊತ್ತಿಗೆ ಕೋಲ್ಕತ್ತದ ಆಸ್ಪತ್ರೆಗಳಿಂದ ಮಣಿಪುರದ ನರ್ಸ್‌ಗಳು ನೂರಕ್ಕೂ ಮೀರಿ ಕೆಲಸ ಬಿಟ್ಟು ಊರಿಗೆ ಹೊರಟರು. ಅವರಿಗೆ ಬೇಕಿದ್ದದ್ದು ಚಪ್ಪಾಳೆಯಲ್ಲ.

ಹೊರಟವರು ಈಗಲೂ ಹೊರಡುತ್ತಲೇ ಇದ್ದಾರೆ. ಬ್ರಿಟನ್, ಐರ್ಲೆಂಡ್, ಕೊಲ್ಲಿ ದೇಶಗಳು. ಜಗತ್ತಿಗೆ ಇನ್ನೂ 58 ಲಕ್ಷ ನರ್ಸ್‌ಗಳ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಎಲ್ಲರಿಗೂ ನಮ್ಮ ಹುಡುಗಿಯರು ಬೇಕು. ಅನುಭವ ಇದ್ದವರು ಹೋದಂತೆ ಇಲ್ಲಿ ಉಳಿಯುವುದು ಹೊಸಬರು, ಅವರಿಗೆ ಕಲಿಸಲು ಹಿರಿಯರಿಲ್ಲ, ಮತ್ತೆ ಒತ್ತಡ.

ಏನು ಕೆಲಸ ಮಾಡುತ್ತದೆ

ಮೇ 12ರ ನರ್ಸ್‌ಗಳ ದಿನ ಕೇಕು, ಗುಲಾಬಿ, ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಮೇಲೆ ಒಂದು ಗಂಟೆಯ ಭಾಷಣ. ಅಕ್ಕ ಹೇಳಿದ ಪ್ರಕಾರ ಒಂದು ವರ್ಷ ಆ ಭಾಷಣ ಕೇಳಲು ನೈಟ್ ಮುಗಿಸಿದವರನ್ನೂ ಉಳಿಸಿಕೊಂಡಿದ್ದರಂತೆ. ಉಸಿರಾಟದ ವ್ಯಾಯಾಮ ಕೆಟ್ಟದ್ದಲ್ಲ. ಆದರೆ ಸೋರುವ ಮಾಡಿನ ಕೆಳಗೆ ಕೂತವರಿಗೆ ಟವೆಲ್ ಕೊಟ್ಟಂತೆ ಅದು.

ಮಾಡು ರಿಪೇರಿ ಮಾಡಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ರೋಗಿ ಎಂದು ಮಿತಿ ಜಾರಿಗೆ ತಂದಿತು. ಏಕನ್ ತಂಡ 2010ರಲ್ಲಿ ಬೇರೆ ಎರಡು ರಾಜ್ಯಗಳ ಜೊತೆ ಹೋಲಿಸಿದಾಗ ಕ್ಯಾಲಿಫೋರ್ನಿಯಾದ ನರ್ಸ್‌ಗಳಲ್ಲಿ ಬರ್ನ್‌ಔಟ್ ಕಡಿಮೆ ಇತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಹಗಲು ನಾಲ್ವರಿಗೆ ಒಬ್ಬರು, ರಾತ್ರಿ ಏಳು ಜನಕ್ಕೆ ಒಬ್ಬರು ಎಂದು ಮಾಡಿತು. 2021ರಲ್ಲಿ ಬಂದ ಅಧ್ಯಯನದಂತೆ ಅಲ್ಲಿ ಸಾವು ಕಡಿಮೆಯಾಯಿತು, ರೋಗಿಗಳು ಬೇಗ ಮನೆಗೆ ಹೋದರು. ಹೆಚ್ಚಿಗೆ ನರ್ಸ್‌ಗಳನ್ನು ಇಟ್ಟುಕೊಂಡ ಖರ್ಚಿನ ಸುಮಾರು ಎರಡರಷ್ಟು ದುಡ್ಡು ಉಳಿಯಿತು.

ನಮ್ಮಲ್ಲಿ ಮಾನದಂಡ ಇದೆ, ಅದಕ್ಕೆ ಹಲ್ಲಿಲ್ಲ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗ ಕಾಯ್ದೆ 1947ರ ಹಳೆಯ ಕಾಯ್ದೆಯ ಜಾಗಕ್ಕೆ ಬರುತ್ತದೆ. ಅದರ ಗಮನ ಹೆಚ್ಚಾಗಿ ಓದು, ನೋಂದಣಿ, ಗುಣಮಟ್ಟದ ಮೇಲೆ. ಒಂದು ವಾರ್ಡಿಗೆ ಇಷ್ಟು ಜನ ಇಲ್ಲದಿದ್ದರೆ ಹಾಸಿಗೆ ಮುಚ್ಚಿ ಎಂದು ಹೇಳುವ ಕಾನೂನು ಬೇರೆಯೇ ಬೇಕು.

ಅಷ್ಟು ದೊಡ್ಡದಾಗಲು ಕಾಯಬೇಕಿಲ್ಲದ ಕೆಲಸಗಳೂ ಇವೆ. ರೋಸ್ಟರ್ ಒಂದು ತಿಂಗಳು ಮೊದಲೇ ಹಾಕಿದರೆ ಮಗುವಿನ ಹುಟ್ಟುಹಬ್ಬಕ್ಕೆ ಇರಬಹುದಾ ಎಂದಾದರೂ ಗೊತ್ತಾಗುತ್ತದೆ. ಯಾವ ಪಾಳಿ ಬೇಕು ಎಂದು ಅವರನ್ನೇ ಕೇಳಿ ಹಾಕುವ ಪದ್ಧತಿ ಇದೆ, ಕರಾಸೆಕ್ ಹೇಳಿದ ಹಿಡಿತ ಸ್ವಲ್ಪವಾದರೂ ವಾಪಸ್ ಸಿಗುತ್ತದೆ. ವಾರ್ಡಿನಲ್ಲಿ ಸಾವಾದ ದಿನ, ಔಷಧಿ ತಪ್ಪಿದ ದಿನ, ಮೆಮೊ ಕೊಡುವ ಮೊದಲು ಕೂರಿಸಿ ಕಾಫಿ ಕೊಟ್ಟು ಕೇಳುವ ಒಬ್ಬ ಹಿರಿಯ ಸಿಸ್ಟರ್ ಇದ್ದರೆ ಅರ್ಧ ಭಾರ ಇಳಿಯುತ್ತದೆ. ತಪ್ಪು ಮಾಡಿದ ಸಿಬ್ಬಂದಿಯೂ ಒಂದು ರೀತಿ ಗಾಯಾಳು ಎಂಬ ಮಾತನ್ನು ಡಾಕ್ಟರ್ ಆಲ್ಬರ್ಟ್ ವೂ 2000ದಲ್ಲೇ ಹೇಳಿದ್ದರು. ನಮ್ಮಲ್ಲಿ ಇನ್ನೂ ಮೊದಲು ಬರುವುದು ಮೆಮೊ.

ಇದನ್ನು ಓದುತ್ತಿರುವವರು ನರ್ಸೇ ಆಗಿದ್ದರೆ ಒಂದು ಮಾತು. ರಜೆಯಲ್ಲೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಡ್ಯೂಟಿ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಎಂದಾದರೆ ರೋಸ್ಟರ್ ಸರಿಯಾಗಲಿ ಎಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. 2022ರಿಂದ ನಡೆಯುತ್ತಿದೆ, ಅದರ ಕೇಂದ್ರ ನಮ್ಮ ನಿಮ್ಹಾನ್ಸೇ. ಬೇರೆಯವರಿಗೆ ಹೇಳುವ ಮಾತನ್ನು ನಿಮಗೇ ಹೇಳಿಕೊಳ್ಳಬೇಕಾದ ಹೊತ್ತು ಅದು.

ಹೋದ ತಿಂಗಳು ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬೇರೆ ಆಸ್ಪತ್ರೆ. ರಿಸೆಪ್ಷನ್ನಿನ ಹುಡುಗಿ ಎಲ್ಲ ಹೇಳಿದಳು. ಎಸಿ ಇದೆಯಾ, ಟಿವಿ ಇದೆಯಾ, ಯಾವ ಇನ್ಶೂರೆನ್ಸ್ ನಡೆಯುತ್ತದೆ, ಜೊತೆಗಿರುವವರಿಗೆ ಊಟ ಸಿಗುತ್ತದಾ. ನಾನು ಕೇಳಿದೆ, ‘ರಾತ್ರಿ ಈ ವಾರ್ಡಿಗೆ ಎಷ್ಟು ಜನ ಸಿಸ್ಟರ್ ಇರ್ತಾರಮ್ಮ? ಎಷ್ಟು ಬೆಡ್ಡಿಗೆ?’ ಅವಳು ಕಂಪ್ಯೂಟರ್ ನೋಡಿದಳು. ಅಲ್ಲಿರಲಿಲ್ಲ. ‘ಇದನ್ನ ಯಾರೂ ಕೇಳಲ್ಲ ಸರ್’ ಎಂದಳು. ಆಮೇಲೆ ಪಾಪ, ಮೇಲಿನ ಮಹಡಿಗೆ ಫೋನ್ ಹಚ್ಚಿ ವಿಚಾರಿಸಿದಳು.

‘ಇಪ್ಪತ್ತೆಂಟು ಬೆಡ್ ಸರ್, ಇಬ್ಬರು’ ಎಂದಳು. ರಿಸೀವರ್ ಇನ್ನೂ ಕಿವಿಯಲ್ಲೇ ಇತ್ತು. ‘ಒಬ್ಬರು ಇವತ್ತು ಡಬಲ್‌ನಲ್ಲಿದ್ದಾರಂತೆ.’